ಬೆಣ್ಣೆ ಕಾಯಿಸಿದ ವಾಸನೆ

ಅಂಕಲ್ ಹೋದ ಸುದ್ದಿಯನ್ನು ಆಂಟಿ ಫೋನಿನಲ್ಲಿ ಹೇಳಿದಾಗ ನಾನು ಆಫೀಸಿನ ಪಾರ್ಕಿಂಗಿನಲ್ಲಿದ್ದೆ. ಡಾಲಸ್‌ನ ಮಗಳ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. "ತ್ರಾಸ ಏನೂ ಆಗಲಿಲ್ಲ ನೋಡವಾ, ಮುಖ ಶಾಂತ ಇತ್ತು," ಎಂದರು. ನಾನು ಕಾರಿನ ಬಾಗಿಲು ತೆರೆದೆ, ಮತ್ತೆ ಮುಚ್ಚಿದೆ. ಯಾಕೆ ಮುಚ್ಚಿದೆನೆಂದು ತಿಳಿಯಲಿಲ್ಲ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಏನಾಯಿತು, ಅದಕ್ಕೆ ಮೊದಲು ಏನಾಗಿತ್ತು ಎಂದು ಒಂದೊಂದಾಗಿ ಹೇಳುವುದು ಅಭ್ಯಾಸವಾಗಿದೆ. ಅವರ ವಿಷಯದಲ್ಲಿ ಹಾಗೆ ಹೇಳಲು ಬರುತ್ತಿಲ್ಲ. ನೆನಪಾದ ಹಾಗೆ ಬರೆಯುತ್ತೇನೆ.

ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ನಮ್ಮ ಬೀದಿಯಲ್ಲಿ ಎಲ್ಲರೂ ಬಿಸಿಲಿಗೆ ಹೆದರಿ ಕಾರನ್ನು ಗ್ಯಾರೇಜಿನೊಳಗೆ ಇಡುತ್ತಿದ್ದರು. ಅವರ ಕಾರು ಮಾತ್ರ ವರ್ಷವಿಡೀ ಹೊರಗೆ ನಿಂತು ಬಣ್ಣ ಕಳೆದುಕೊಂಡಿತ್ತು. ಒಳಗಿನ ಜಾಗವನ್ನೆಲ್ಲ ದೊಡ್ಡ ಸ್ಟೀಲ್ ಪಾತ್ರೆಗಳು, ಒಂದು ಗ್ಯಾಸ್ ಒಲೆ, ಹಳೆಯ ಫ್ರಿಜ್ಜು ಮತ್ತು ತೊಳೆದು ಬೋರಲು ಹಾಕಿದ ಕಂದು ಬಾಟಲಿಗಳು ಹಿಡಿದಿದ್ದವು. ಅವರು ಅಲ್ಲಿ ಬಿಯರ್ ಮಾಡುತ್ತಿದ್ದರು. ಅದರಲ್ಲೂ ಒಂದೇ ಬಗೆ, ಪೇಲ್ ಏಲ್. ತಿಳಿ ಜೇನಿನ ಬಣ್ಣ, ಕೊನೆಗೆ ಒಂದು ಕಹಿ. ಬೇರೆ ಬಗೆ ಯಾಕೆ ಮಾಡುವುದಿಲ್ಲ ಎಂದು ಯಾರಾದರೂ ಕೇಳಿದರೆ, "ಒಂದು ಸರಿಯಾಗಿ ಬರಲಿ ತಡೀರಿ," ಎನ್ನುತ್ತಿದ್ದರು. ಅದು ಸರಿಯಾಗಿ ಬರಲು ಶುರುವಾಗಿ ಬಹಳ ವರ್ಷಗಳಾಗಿದ್ದವು ಎಂದು ಕುಡಿದವರು ಹೇಳುತ್ತಿದ್ದರು.

ನಾನು ಆ ಬೀದಿಗೆ ಬಂದ ಹೊಸದರಲ್ಲಿ, ಒಂದು ಭಾನುವಾರ ಬೆಳಿಗ್ಗೆ ವಾಕ್ ಹೊರಟಿದ್ದಾಗ ಹುರಿಹಿಟ್ಟಿನ ವಾಸನೆ ಬಂತು. ಟೆಕ್ಸಸ್‌ನಲ್ಲಿ ಯಾರು ಹುರಿಹಿಟ್ಟು ಮಾಡುತ್ತಾರೆ ಎಂದು ವಾಸನೆ ಹಿಡಿದು ಹೋದೆ. ಅರ್ಧ ಎತ್ತಿದ ಗ್ಯಾರೇಜ್ ಬಾಗಿಲ ಕೆಳಗಿನಿಂದ ಹಬೆ ಹೊರಗೆ ಬರುತ್ತಿತ್ತು. ಬಗ್ಗಿ ನೋಡಿದೆ. ಬಿಳಿಯ ರಬ್ಬರ್ ಚಪ್ಪಲಿ, ಬಿಳಿಯ ಪೈಜಾಮ, ತಲೆಗೆ ಬಿಳಿಯ ಟೋಪಿ ಹಾಕಿದ ಅರವತ್ತರ ಸಮೀಪದ ಒಬ್ಬರು ಪಾತ್ರೆಯೊಳಗೆ ಉದ್ದದ ಹುಟ್ಟು ಆಡಿಸುತ್ತಿದ್ದರು.

"ಚಪ್ಪಲಿ ಅಲ್ಲೇ ಬಿಡ್ರಿ. ಕೈ ತೊಳಕೋರಿ. ಆಮ್ಯಾಲೆ ಮಾತಾಡೂಣು," ಎಂದರು. ನಾನು ಕನ್ನಡದವಳೆಂದು ಹೇಗೆ ಗೊತ್ತಾಯಿತೋ ತಿಳಿಯಲಿಲ್ಲ. ಆಮೇಲೆ ಕೇಳಿದ್ದಕ್ಕೆ, "ಬಗ್ಗೋ ಮುಂದ 'ಅಯ್ಯೋ' ಅಂದಿ," ಎಂದರು.

ಧಾರವಾಡದವರು. ಆಸ್ಟಿನ್‌ನ ಚಿಪ್ ಕಾರ್ಖಾನೆಯೊಂದರಲ್ಲಿ ಬಹಳ ಕಾಲ ಇಂಜಿನಿಯರಾಗಿದ್ದರು. ಧೂಳಿನ ಒಂದು ಕಣವೂ ಇರಬಾರದ ಕೋಣೆಯಲ್ಲಿ, ಕಣ್ಣೊಂದನ್ನು ಬಿಟ್ಟು ಮೈಯೆಲ್ಲ ಮುಚ್ಚಿಕೊಂಡು ಕೆಲಸ ಮಾಡಿದವರು. ಅದಕ್ಕೂ ಮೊದಲು ಅಜ್ಜಿಯ ಮಡಿಯಲ್ಲಿ ಬೆಳೆದವರು. "ನನಗ ಎರಡೂ ಒಂದೇ ಅನಸ್ತದ. ಮುಟ್ಟಬ್ಯಾಡ, ಮುಟ್ಟಿದ್ರ ತೊಳಕೋ," ಎನ್ನುತ್ತಿದ್ದರು. ಅವರ ಗ್ಯಾರೇಜಿನಲ್ಲಿ ತೊಳೆದ ಪಾತ್ರೆಯ ಕಡೆಗೆ ಬೆರಳು ತೋರಿಸಿ ಮಾತಾಡಿದರೂ ಅದನ್ನು ಮತ್ತೊಮ್ಮೆ ತೊಳೆಯುತ್ತಿದ್ದರು. "ನಾ ಬಿಯರ್ ಮಾಡಂಗಿಲ್ಲವಾ. ನಾ ಪಾತ್ರಿ ತೊಳೀತೀನಿ. ಬಿಯರ್ ಮಾಡೋದು ಯೀಸ್ಟು."

ಕೆಲಸ ನೋಡಲು ಸರಳವಾಗಿತ್ತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಿನಲ್ಲಿ ನೆನೆಸುವುದು, ಆ ಸಿಹಿ ನೀರನ್ನು ಬಸಿದು ಹಾಪ್ಸ್ ಎಂಬ ಒಣ ಹೂವು ಹಾಕಿ ಕುದಿಸುವುದು, ಆರಿಸಿ, ದೊಡ್ಡ ಗಾಜಿನ ಜಾಡಿಗೆ ತುಂಬಿ ಯೀಸ್ಟು ಹಾಕುವುದು. ಆಮೇಲೆ ಸುಮ್ಮನಿರುವುದು. ಈ ಸುಮ್ಮನಿರುವುದೇ ಕಷ್ಟ ಎನ್ನುತ್ತಿದ್ದರು. "ಯೀಸ್ಟು ಅಂದ್ರ ಹಿರೇ ಸೊಸಿ ಇದ್ದಂಗ. ಆಕಿ ಕೆಲಸ ಮಾಡೋ ಮುಂದ ನಡುವ ಬಾಯಿ ಹಾಕಬಾರದು."

ಅವರು ಕುಡಿಯುತ್ತಿದ್ದದ್ದು ಒಂದು ಸಣ್ಣ ಗ್ಲಾಸು. ಅದನ್ನು ಮೂಸುವುದಕ್ಕೇ ಅರ್ಧ ಸಂಜೆ ಬೇಕಾಗುತ್ತಿತ್ತು. ಗ್ಲಾಸನ್ನು ಅಂಗೈಯಲ್ಲಿ ಮುಚ್ಚಿ, ಅಲುಗಿಸಿ, ಕೈ ತೆಗೆದು, ಮೂಗಿಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ಎದುರು ಮನೆಯಲ್ಲಿ ಒಗ್ಗರಣೆ ಸೀದದ್ದನ್ನು ಇಲ್ಲಿ ಕೂತು ಹೇಳುತ್ತಿದ್ದರು. "ಇವರ ಮೂಗಿಗೆ ಒಂದು ಬ್ಯಾರೆ ಪಾಸ್‌ಪೋರ್ಟ್ ಮಾಡಸಬೇಕವಾ," ಎಂದು ಆಂಟಿ ಅನ್ನುತ್ತಿದ್ದರು.

ಆಂಟಿಗೆ ಬಿಯರಿನ ಮೇಲೆ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಗ್ಯಾರೇಜಿಗೂ ಅಡಿಗೆಮನೆಗೂ ನಡುವೆ ಒಂದು ಬಾಗಿಲಿತ್ತು. "ಆ ಕಡೆ ಅವರದು, ಈ ಕಡೆ ನಂದು." ಹೊಸಿಲಿನ ಮೇಲೆ ನಿಂತು ಮಂಡಕ್ಕಿ ಗಿರ್ಮಿಟ್ಟಿನ ಬಟ್ಟಲನ್ನು ಕೈಚಾಚಿ ಕೊಡುತ್ತಿದ್ದರು. ಕಾಲು ಆ ಕಡೆ ಇಡುತ್ತಿರಲಿಲ್ಲ. ಒಂದು ಬಾಟಲಿಯೂ ಈ ಕಡೆ ಬಂದಿರಲಿಲ್ಲ.

ಕನ್ನಡ ಸಂಘದಲ್ಲಿ ಅಂಕಲ್‌ರನ್ನು ರೇಗಿಸುವವರಿದ್ದರು. ರಾಮನವಮಿಯ ದಿನ ದೇವಸ್ಥಾನದ ಊಟದ ಸಾಲಿನಲ್ಲಿ ಒಬ್ಬರು, "ಏನ್ ಅಂಕಲ್, ಇವತ್ತಿನ ಪಾನಕ ನಿಮ್ಮ ಗ್ಯಾರೇಜಿಂದಾನಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಇವರು ತಟ್ಟೆಯಿಂದ ಕಣ್ಣೆತ್ತದೆ, "ನಮ್ಮ ಪಾನಕಕ್ಕ ತಿಂಗಳು ಕಾಯಬೇಕಾಗ್ತದ್ರಿ. ನಿಮಗ ಕೋಸಂಬ್ರಿ ಬರೋ ತನಕಾನೂ ತಡಿಯೋದು ಆಗೂದಿಲ್ಲ," ಎಂದರು. ಕೇಳಿದವರೇ ಮೊದಲು ನಕ್ಕರು. ಮುಂದಿನ ಶನಿವಾರ ಅವರು ಇವರ ಗ್ಯಾರೇಜಿನಲ್ಲಿ ಕೈ ತೊಳೆದುಕೊಳ್ಳುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಹ್ಯೂಸ್ಟನ್‌ಗೆ ಹೋದ ದಿನದ ಬಗ್ಗೆ ಬರೆಯಲೇಬೇಕು.

ನನಗೂ ಅಂಕಲ್‌ಗೂ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟಿನ ಕೆಲಸವಿತ್ತು. ಅವರ ಕಾರಿನಲ್ಲೇ ಹೋದೆವು. ಕೆಲಸ ಮುಗಿಸಿ ಅಲ್ಲಿನ ಅಂಗಡಿಯೊಂದರಿಂದ ಒಂದು ಚೀಲ ಬಾರ್ಲಿ ಮಾಲ್ಟ್ ಕೊಂಡು ಹಿಂದಿನ ಸೀಟಿನಲ್ಲಿ ಇಟ್ಟರು. ವಾಪಸು ಬರುವಾಗ, ಒಂದು ಸಣ್ಣ ಊರಿನ ಕೆಂಪು ದೀಪದಲ್ಲಿ ನಿಂತಿದ್ದೆವು. ಅವರು ಸ್ಟಿಯರಿಂಗಿನ ಮೇಲೆ ಬೆರಳು ತಟ್ಟುತ್ತಾ ಏನೋ ಗುನುಗುತ್ತಿದ್ದರು. ಹಿಂದಿನಿಂದ ಒಂದು ಪಿಕಪ್ ಟ್ರಕ್ ಬಂದು ಗುದ್ದಿತು. ಶಬ್ದ ಆಮೇಲೆ ಕೇಳಿಸಿತು, ಮೊದಲು ಮುಂದಿನ ರಸ್ತೆ ಹತ್ತಿರ ಬಂದ ಹಾಗಾಯಿತು. ಅವರ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂದು ಸೀಟಿನ ಹೆಡ್‌ರೆಸ್ಟಿಗೆ ಬಡಿಯಿತು. ನಾನು ಅದನ್ನು ನೋಡಿದೆ. ಈಗಲೂ ಕೆಂಪು ದೀಪದಲ್ಲಿ ನಿಂತಾಗ ನಾನು ಮುಂದೆ ನೋಡುವುದಕ್ಕಿಂತ ಹೆಚ್ಚು ಹಿಂದಿನ ಕನ್ನಡಿಯನ್ನೇ ನೋಡುತ್ತೇನೆ.

ಚೀಲ ಒಡೆದು ಕಾರಿನ ತುಂಬ ಬಾರ್ಲಿ. ನನ್ನ ಮಡಿಲಲ್ಲಿ, ಅವರ ಕಾಲರಿನಲ್ಲಿ, ಗೇರಿನ ಸಂದಿಯಲ್ಲಿ. ಅಷ್ಟು ಗಾಬರಿಯಲ್ಲೂ ನನಗೆ ಆ ಹುರಿದ ಧಾನ್ಯದ ಘಮ ಬಂತು. ಏನಾದರೂ ಮಾತಾಡಬೇಕೆಂದು, "ಅಂಕಲ್, ಹುರಿಹಿಟ್ಟಿನ ವಾಸನೆ," ಎಂದೆ. ಅವರು ನನ್ನ ಕಡೆ ತಿರುಗಿ, ಶಾಂತವಾಗಿ, "ಎಲ್ಲಿ?" ಎಂದು ಕೇಳಿದರು.

ಆಸ್ಪತ್ರೆಯಲ್ಲಿ ನೋಡಿ, ಮೂಳೆ ಮುರಿದಿಲ್ಲ, ರಕ್ತಸ್ರಾವ ಇಲ್ಲ ಎಂದು ಕಳುಹಿಸಿದರು. ಎಲ್ಲರೂ ದೇವರು ದೊಡ್ಡವನು ಎಂದರು. ನಾನೂ ಅಂದೆ. ಅವರು ನನ್ನನ್ನು ಗ್ಯಾರೇಜಿಗೆ ಕರೆದದ್ದು ಅದಾಗಿ ಕೆಲವು ವಾರಗಳ ಮೇಲೆ. ಅಡಿಗೆಮನೆಯ ಬಾಗಿಲನ್ನು ಮುಚ್ಚಿ, ಹಾಪ್ಸಿನ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದರು.

"ಏನ್ ವಾಸನಿ ಬರ್ತದ ಹೇಳವಾ."

"ಚಕ್ಕೋತದ ಸಿಪ್ಪೆ ಸುಲಿದ ಹಾಗೆ," ಎಂದೆ.

"ಹೌದು. ಹಂಗ ಇರಬೇಕು." ಪೊಟ್ಟಣವನ್ನು ತಮ್ಮ ಮೂಗಿಗೆ ಒತ್ತಿ ಹಿಡಿದರು. "ನನಗ ಕಾಗದದ ವಾಸನೀನೂ ಇಲ್ಲ."

ಡಾಕ್ಟರಿಗೆ ಒಬ್ಬರೇ ಹೋಗಿ ತೋರಿಸಿಕೊಂಡು ಬಂದಿದ್ದರು. ತಲೆಗೆ ಪೆಟ್ಟು ಬಿದ್ದಾಗ ಹೀಗಾಗುವುದುಂಟು, ಮರಳಬಹುದು, ಮರಳದೆಯೂ ಇರಬಹುದು ಎಂದಿದ್ದರಂತೆ. ಮನೆಯಲ್ಲಿ ಹೇಳಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು.

ಒಬ್ಬಳೇ ಮಗಳು. ವಸಂತದಲ್ಲಿ ಅವಳ ಮದುವೆ, ಡಾಲಸ್‌ನಲ್ಲಿ. ಹುಡುಗ ಅಲ್ಲಿಯವನೇ, ಅಮೆರಿಕದವನು. ಹುಡುಗನ ಕಡೆಯವರು ಮೂಲತಃ ಟೇಲರ್ ಎಂಬ ಊರಿನ ಸುತ್ತಿನ ಹೊಲಗಳಲ್ಲಿ ನೆಲೆಸಿದ ಚೆಕ್ ರೈತರು. ಮೂರು ತಲೆಮಾರಿನಿಂದ ಮನೆಯಲ್ಲಿ ಬಿಯರ್ ಮಾಡಿಕೊಂಡು ಬಂದವರು. ಮದುವೆಯ ಹಿಂದಿನ ಸಂಜೆ ಅವರ ಡಾಲಸ್ ಮನೆಯ ಹಿತ್ತಿಲಿನಲ್ಲಿ ಎರಡೂ ಕಡೆಯವರ ಊಟವಿತ್ತು. ಅಂದು ಅಪ್ಪನ ಏಲ್ ಇರಬೇಕೆಂದು ಮಗಳು ಅಪಘಾತಕ್ಕಿಂತ ಮೊದಲೇ ಎಲ್ಲರಿಗೂ ಹೇಳಿಬಿಟ್ಟಿದ್ದಳು.

"ಬೀಗರಿಗೆ ಹೋಳಿಗಿ ಬಡಸೋದು ನಿಮ್ಮ ಆಂಟಿ ಕೆಲಸ. ಇದು ನಂದು. ಬೀಗರು ಬ್ಯಾರೆ, ಬಾಯಿ ಚಪ್ಪರಿಸಿ ತಪ್ಪು ಹಿಡಿಯೋ ಮಂದಿ. ಮಗಳಿಗೆ ಹೇಳಿದ್ರ ಬ್ಯಾಡ ಅಪ್ಪಾ ಅಂತಾಳ. ಎಲ್ಲಾರೂ ನನ್ನ ಮುಖ ನೋಡಕೋತ ಕೂಡತಾರ." ಪೊಟ್ಟಣದ ಬಾಯಿ ಮಡಚಿದರು. "ಆಕಿ ಮದಿವಿಗೆ ನಾ ಪೇಶಂಟ್ ಆಗಿ ಹೋಗಂಗಿಲ್ಲವಾ. ತಂದಿ ಆಗಿ ಹೋಗ್ತೀನಿ. ನಿನ್ನ ಮೂಗು ಬೇಕು."

"ನಾನು ಕುಡಿಯಲ್ಲವಲ್ಲ ಅಂಕಲ್."

"ಯಾರ್ ಕುಡಿ ಅಂದ್ರು? ಮೂಸು. ಮೈಸೂರವರ ಮೂಗು, ಕಾಫೀ ಮ್ಯಾಲೆ ಬೆಳದದ್ದು. ನಡೀತದ."

ಹೀಗೆ ನಾನು ಅವರ ಮೂಗಾದೆ. ಆ ಚಳಿಗಾಲವಿಡೀ ಶನಿವಾರ ಭಾನುವಾರ ಅವರು ಹಿಡಿದದ್ದನ್ನೆಲ್ಲ ಮೂಸಿದೆ. ಒಳ್ಳೆಯದು ಕೆಟ್ಟದ್ದು ಎನ್ನುವ ಹಾಗಿರಲಿಲ್ಲ. ಯಾವುದರ ಹಾಗಿದೆ ಎಂದು ಹೇಳಬೇಕಿತ್ತು. ಒದ್ದೆ ಗೋಣಿಚೀಲ, ಬೇಯಿಸಿದ ಜೋಳದ ತೆನೆ, ಹೊಸ ಚಪ್ಪಲಿ, ಮಾವಿನಕಾಯಿಯ ಸೊನೆ. ನಾನು ಹೇಳುವಾಗ ಅವರು ನನ್ನ ಬಾಯಿಯನ್ನಲ್ಲ, ಮೂಗಿನ ಹೊಳ್ಳೆಗಳನ್ನೇ ನೋಡುತ್ತಿದ್ದರು. ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಅದು ಮೀಟರ್ ನೋಡುವವರ ನೋಟ ಎಂದು ಅರ್ಥವಾಯಿತು. ಮಾಡಿದ ಮೊದಲ ಜಾಡಿಯನ್ನು ನನ್ನ 'ಒದ್ದೆ ಗೋಣಿಚೀಲ' ಎಂಬ ಮಾತಿಗೆ ಚರಂಡಿಗೆ ಚೆಲ್ಲಿದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎರಡನೆಯ ಜಾಡಿ ಮದುವೆಯದ್ದು. ಇನ್ನೊಂದು ಮಾಡುವಷ್ಟು ಸಮಯ ಉಳಿದಿರಲಿಲ್ಲ. ಬಾಟಲಿಗೆ ತುಂಬುವ ದಿನ ಬಂತು. ಹೊರಗೆ ಚಳಿ, ಉತ್ತರದ ಗಾಳಿ. ಬಾಟಲಿಗಳು ತೊಳೆದು ಸಾಲಾಗಿ ನಿಂತಿದ್ದವು. ಅವರು ಕೊಳವೆಯಿಂದ ಸ್ವಲ್ಪ ತೆಗೆದು ಗ್ಲಾಸನ್ನು ನನಗೆ ಕೊಟ್ಟರು. ಮೂಸಿದೆ. ಅಷ್ಟು ವಾರಗಳಲ್ಲಿ ಅಂಥ ವಾಸನೆ ಬಂದಿರಲಿಲ್ಲ.

"ಅಂಕಲ್, ತುಂಬಾ ಚೆನ್ನಾಗಿದೆ."

ಅವರ ಮುಖ ಅರಳಿತು. ಕೊಳವೆಯನ್ನು ಮೊದಲ ಬಾಟಲಿಗೆ ಹಾಕಿದರು. ಹಾಕುತ್ತಾ, ಅಭ್ಯಾಸದಿಂದ, "ಹೆಂಗ ಚಲೋ? ಯಾವುದರಂಗ?" ಎಂದರು.

"ಬೆಣ್ಣೆ ಕಾಯಿಸ್ತಾರಲ್ಲ, ಇನ್ನೇನು ತುಪ್ಪ ಆಗಬೇಕು, ಆಗ ಬರೋ ಘಮ. ಅಜ್ಜಿ ಮನೆ ನೆನಪಾಯಿತು."

ಕೈ ನಿಂತಿತು. ಕೊಳವೆಯನ್ನು ಮೆಲ್ಲಗೆ ಹೊರಗೆ ತೆಗೆದರು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು. ನಾನು ಏನು ತಪ್ಪು ಹೇಳಿದೆನೆಂದು ನನಗೆ ಗೊತ್ತಾಗಲಿಲ್ಲ. ನಮ್ಮಲ್ಲಿ ಯಾರಿಗೆ ತಾನೇ ಅದು ಕೆಟ್ಟ ವಾಸನೆ?

"ಏಲ್‌ನ್ಯಾಗ ಬೆಣ್ಣಿ ಬಂದ್ರ ಕೆಟ್ಟಂಗ," ಎಂದರು. ಯೀಸ್ಟು ಕೆಲಸದ ನಡುವೆ ಆ ವಾಸನೆಯನ್ನು ಬಿಡುತ್ತದಂತೆ, ಬೆಚ್ಚಗಿದ್ದರೆ ಕೊನೆಗೆ ತಾನೇ ಅದನ್ನು ತಿಂದು ಸ್ವಚ್ಛ ಮಾಡುತ್ತದಂತೆ. ಚಳಿಯಾದರೆ ಅರ್ಧಕ್ಕೆ ಬಿಟ್ಟು ಮಲಗುತ್ತದೆ. ಬಾಟಲಿಗೆ ತುಂಬಿದ್ದರೆ ಬೀಗರ ಗ್ಲಾಸಿಗೆಲ್ಲ ಬೆಣ್ಣೆ. "ಮೂಗು ಇದ್ದಿದ್ರ ನನಗ ನಾಕು ದಿನ ಮೊದಲ ಗೊತ್ತಾಗ್ತಿತ್ತು." ಆಮೇಲೆ ನನ್ನ ಮುಖ ನೋಡಿ ನಗಲು ಶುರು ಮಾಡಿದರು. "ತಪ್ಪು ನಂದೇವಾ. ಮೈಸೂರವರನ್ನ ಬೆಣ್ಣಿ ಕಾಯಲಿಕ್ಕೆ ಕೂಡಿಸಿದೆ."

"ಎಷ್ಟು ಬೆಚ್ಚಗ ಬೇಕ್ರಿ ಅದಕ್ಕ?"

ಅಡಿಗೆಮನೆಯ ಬಾಗಿಲು ತೆರೆದಿತ್ತು. ಆಂಟಿ ಗಿರ್ಮಿಟ್ಟಿನ ಬಟ್ಟಲು ಹಿಡಿದು ಹೊಸಿಲಿನ ಮೇಲೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನೀ ಎಲ್ಲಾ ಕೇಳಿದೇನು?" ಎಂದರು ಅಂಕಲ್.

"ಕೇಳೋದೇನದ? ಸಂಕ್ರಾಂತಿ ದಿನ ಸಾರಿಗೆ ಇಂಗು ಹಾಕೋದು ಮರತಿದ್ದೆ. ಎರಡು ಸಲ ಹಾಕಿಸಿಕೊಂಡು, ಇಂಗಿನ ಘಮ ಭಾಳ ಚಲೋ ಬಂದದ ಅಂದ್ರಿ. ಅವತ್ತಿನಿಂದ ಇಂಗೇ ಹಾಕಿಲ್ಲ. ದಿನಾ ಹೊಗಳತೀರಿ."

"ಮತ್ತ ಯಾಕ ಹೇಳಲಿಲ್ಲ?"

"ನೀವ್ಯಾಕ ಹೇಳಲಿಲ್ಲ?"

ನಾನು ಬಾಟಲಿಗಳ ಕಡೆ ನೋಡಿದೆ.

"ಒಳಗ ತರ್ರಿ," ಎಂದರು ಆಂಟಿ. "ಒವನ್ ಬಾಜೂಕ ಇಡ್ರಿ. ಚಳಿಯಾಗ ನಾ ಹೆಪ್ಪು ಅಲ್ಲೇ ಇಡೋದು. ಹೊರಗ ಕೂತು ಅದೂ ನಡುಗೂದು ಬ್ಯಾಡ, ನೀವೂ ನಡುಗೂದು ಬ್ಯಾಡ."

ನಾವಿಬ್ಬರೂ ಜಾಡಿಯನ್ನು ಹಿಡಿದು, ಅಲುಗದ ಹಾಗೆ, ಹೊಸಿಲು ದಾಟಿಸಿದೆವು. ಆಂಟಿ ಒಳಗಿನಿಂದ ಅಂಕಲ್‌ರ ತಾಯಿ ಹೊಲಿದ ಕೌದಿ ತಂದು ಸುತ್ತಿದರು. ಸಂಜೆ ದೀಪ ಹಚ್ಚಿ ಬರುವಾಗ ಜಾಡಿಯ ಕಡೆಗೂ ಒಂದು ಸಲ ನೋಡಿದರು. ಕೈ ಮುಗಿಯಲಿಲ್ಲ, ಅಷ್ಟೇ. ಆ ವಾರ ದಿನವೂ ಆಫೀಸಿನಿಂದ ಬರುತ್ತಾ ಮೂಸಿ ಹೋದೆ. ಬೆಣ್ಣೆ ದಿನದಿನಕ್ಕೆ ತೆಳುವಾಗಿ, ಒಂದು ಸಂಜೆ ಇರಲೇ ಇಲ್ಲ. ಹೇಳುವಾಗ ನನಗೆ ಸ್ವಲ್ಪ ಬೇಜಾರೇ ಆಯಿತು.

ಅವರಿಗೆ ವಾಸನೆ ಪೂರ್ತಿ ಮರಳಲಿಲ್ಲ. ಒಂದೆರಡು ವರ್ಷದ ಮೇಲೆ ಅಲ್ಲೊಂದು ಇಲ್ಲೊಂದು ಬಂತು, ಅದೂ ಸೊಟ್ಟಗೆ. ಕಾಫಿಗೆ ಸುಟ್ಟ ರಬ್ಬರಿನ ವಾಸನೆ, ಸಾಬೂನಿಗೆ ಸೌತೆಕಾಯಿಯದು. "ವೈರಿಂಗ್ ತಪ್ಪಿ ಜೋಡಿಸ್ಯಾರ," ಎಂದು ನಗುತ್ತಿದ್ದರು. ಮನೆ ಮಾರಿ ಡಾಲಸ್‌ಗೆ ಶಿಫ್ಟ್ ಆಗುವ ತನಕ ಏಲ್ ಮಾಡುವುದನ್ನು ಬಿಡಲಿಲ್ಲ. ಮೂಸಲು ಆಂಟಿ ಹೊಸಿಲು ದಾಟಿ ಬರುತ್ತಿದ್ದರು. ಆಂಟಿಯ ತೀರ್ಪು ನನ್ನದಕ್ಕಿಂತ ಕಠಿಣ.

ಆದರೆ ನಾನು ಅವರನ್ನು ನೆನೆದಾಗ ಬರುವುದು ಆ ಹಿತ್ತಿಲು. ಮದುವೆಯ ಹಿಂದಿನ ಸಂಜೆ. ಬಾಟಲಿಗಳನ್ನು ಆಂಟಿಯ ಹಳೆಯ ಕಾಟನ್ ಸೀರೆಗಳಲ್ಲಿ ಸುತ್ತಿ ನನ್ನ ಕಾರಿನಲ್ಲಿ ತಂದಿದ್ದೆವು. ದಾರಿಯಲ್ಲಿ ಜಾರ್ಜ್‌ಟೌನ್ ಎಂಬ ಊರು ದಾಟುವಾಗ ಅವರು, "ಬೆಣ್ಣಿ ಇಲ್ಲ ಹೌದಲ್ಲೋ?" ಎಂದು ಕೇಳಿದ್ದರು.

ಬೀಗರು ಎತ್ತರದ, ಬಿಳಿ ಮೀಸೆಯ ಮನುಷ್ಯ. ಇವರು ಬಾಟಲಿ ತೆರೆದು, ಓರೆಯಾಗಿ ಹಿಡಿದ ಗ್ಲಾಸಿಗೆ ಮೆಲ್ಲಗೆ ಸುರಿದು ಕೊಟ್ಟರು. ಬೀಗರು ಅವಸರ ಮಾಡಲಿಲ್ಲ. ಬೆಳಕಿಗೆ ಹಿಡಿದರು, ಮೂಸಿದರು, ಕುಡಿದರು, ಮತ್ತೆ ಮೂಸಿದರು. ಬಹಳ ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು. ಇವರ ಭುಜಗಳು ಇಳಿದವು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅವರು ಕಸುಬು ಬಲ್ಲವರು. ಗ್ಲಾಸನ್ನು ಇವರ ಮುಂದೆ ಹಿಡಿದು, ಮೊದಲಿಗೆ ಬರುವ ಈ ವಾಸನೆ ಇದೆಯಲ್ಲ, ಇದು ಯಾವುದು, ನೀವೇ ಹೇಳಿ ಎಂದರು.

ಇವರು ನನ್ನ ಕಡೆ ನೋಡಿದರು. ನಾನು ಹೋಳಿಗೆಯ ತಟ್ಟೆ ಹಿಡಿದು ದೂರದಲ್ಲಿದ್ದೆ. ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಇವರು ಇಂಗ್ಲಿಷಿನಲ್ಲಿ, ಹವಾಮಾನದ ಬಗ್ಗೆ ಹೇಳುವಷ್ಟು ಸಲೀಸಾಗಿ, ನನಗೆ ವಾಸನೆ ತಿಳಿಯುವುದಿಲ್ಲ, ಅಪಘಾತದಲ್ಲಿ ಹೋಯಿತು, ಇದನ್ನು ಕಣ್ಣು ಕಟ್ಟಿಕೊಂಡು ಮಾಡಿದ ಹಾಗೆ ಮಾಡಿದ್ದೇನೆ ಎಂದರು.

ಮಗಳು ಸುತ್ತಲಿನ ಗುಂಪಿನಲ್ಲೇ ಇದ್ದಳು. ನನಗೆ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಬಂದು ಮಾವನ ಕೈಯಿಂದ ಗ್ಲಾಸು ತೆಗೆದುಕೊಂಡಳು. ಅಪ್ಪನ ಎದುರಿಗೆ ನಿಂತು ಮೂಗಿಟ್ಟಳು. "ಊಟ ಆತೇನು" ಎಂದು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ.

"ಅಪ್ಪಾ," ಎಂದಳು. "ಕಿತ್ತಳೆ. ಸಿಪ್ಪೆ. ಕಿತ್ತಳೆ ಅಲ್ಲ... ಅದಕ್ಕಿಂತ ದೊಡ್ಡದು. ಕಹಿ."

ಚಕ್ಕೋತ ಎಂದು ನನ್ನ ಬಾಯಿಗೆ ಬಂತು. ಆಂಟಿ ಪಕ್ಕದಿಂದ ನನ್ನ ಮೊಣಕೈ ಹಿಡಿದರು.

"ಮತ್ತ?" ಎಂದರು ಅವರು.

"ಮತ್ತೆ ಮರ. ಮಳೆ ಬಂದಮೇಲೆ ಮರ."

"ಯಾವ ಮರ?"

"ನಮ್ಮ ಬ್ಯಾಕ್‌ಯಾರ್ಡ್ ಮರ ಅಪ್ಪಾ. ನಾನು ಬಿದ್ದೆನಲ್ಲ, ಆ ಮರ."

ಬೀಗರಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಅವರು ಖಾಲಿ ಕೈಯಲ್ಲಿ ತಾಳ್ಮೆಯಿಂದ ನಿಂತಿದ್ದರು.

"ಮತ್ತ?"

ಅವಳು ಮೂಗೊರೆಸಿಕೊಂಡು, ಮತ್ತೆ ಗ್ಲಾಸಿಗೆ ಬಗ್ಗಿದಳು.